ಮಾತಾಡುವಷ್ಟು ಉಸಿರು

ಮೈಸೂರಿನಲ್ಲಿ ಬೆಳಗಿನ ನಡಿಗೆಗೆ ಒಂದು ಮರ್ಯಾದೆ ಇದೆ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುವೆಂಪು ನಡೆದಿದ್ದಾರೆ, ವಿಶ್ವವಿದ್ಯಾನಿಲಯದ ಎಷ್ಟೋ ತಲೆಮಾರಿನ ಮೇಷ್ಟ್ರುಗಳು ನಡೆದಿದ್ದಾರೆ. ಈಗಲೂ ಮಫ್ಲರ್ ಸುತ್ತಿಕೊಂಡ ಹಿರಿಯರು, ಸೀರೆಯ ಕೆಳಗೆ ಶೂ ಹಾಕಿಕೊಂಡ ಗೆಳತಿಯರು ಮಗಳ ಬಾಣಂತನದಿಂದ ಹಿಡಿದು ಮನೆ ಕಂದಾಯದವರೆಗೆ ಮಾತಾಡಿಕೊಂಡು ಕೆರೆ ಸುತ್ತುತ್ತಾರೆ. ಓಟದ ವಿಷಯ ಹಾಗಲ್ಲ. ಐವತ್ತರ ಹತ್ತಿರದ ಹೆಂಗಸೊಬ್ಬಳು ಓಡಿ ಬರುತ್ತಿದ್ದರೆ ಎಲ್ಲಿಗೋ ಅವಸರವಿರಬೇಕೆಂದು ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ನನಗೆ ಅವಸರವೇನೂ ಇಲ್ಲ. ಓಡುವ ಆಸೆ ಇತ್ತು, ಅಷ್ಟೇ. ಹೈಸ್ಕೂಲಿನಲ್ಲಿ ಖೋಖೋ ಆಡುವಾಗ ಓಡಿದ್ದೇ ಕೊನೆ. ಆಮೇಲೆ ಯಾರೂ ಓಡಬೇಡ ಅನ್ನಲಿಲ್ಲ, ಓಡು ಅಂತಲೂ ಅನ್ನಲಿಲ್ಲ. ಬಸ್ಸು ಹಿಡಿಯುವುದಕ್ಕೆ, ಉಕ್ಕುವ ಹಾಲಿಗೆ ಓಡಿದ್ದನ್ನು ಬಿಟ್ಟರೆ ಓಟಕ್ಕಾಗಿಯೇ ಓಡಿದ್ದು ಇಲ್ಲ. ನಮ್ಮ ವಯಸ್ಸಿನ ಬಹುತೇಕ ಹೆಂಗಸರ ಕಾಲುಗಳ ಚರಿತ್ರೆ ಇಷ್ಟೇ ಎಂದು ನನ್ನ ಅಂದಾಜು.

ಓಟ ಶುರು ಮಾಡುವವರಿಗೆ ಒಂದು ಪ್ರಸಿದ್ಧ ಕ್ರಮವಿದೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದವರು ರೂಪಿಸಿದ್ದು. ವಾರಕ್ಕೆ ಮೂರು ದಿನ, ಒಂಬತ್ತು ವಾರ. ಮೊದಲು ಐದು ನಿಮಿಷ ಚುರುಕಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಮತ್ತೆ ಓಟ, ಮತ್ತೆ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಗಳು ಕಳೆದಂತೆ ಓಟದ ಪಾಲು ಹೆಚ್ಚುತ್ತದೆ, ನಡಿಗೆಯ ಪಾಲು ಕರಗುತ್ತದೆ. ನನಗೆ ಗಡಿಯಾರ ನೋಡುತ್ತಾ ಓಡುವುದು ಹಿಡಿಸಲಿಲ್ಲ. ದಾರಿಯಲ್ಲಿ ಕಲ್ಲುಬೆಂಚುಗಳಿದ್ದವು, ಮರಗಳಿದ್ದವು. ಈ ಬೆಂಚಿನಿಂದ ಆ ಮಳೆಮರದವರೆಗೆ ಓಟ, ಅಲ್ಲಿಂದ ಏರಿಯ ತಿರುವಿನವರೆಗೆ ನಡಿಗೆ. ಕೆಲವೇ ವಾರಗಳಲ್ಲಿ ಒಂದೊಂದು ಮರದ ಗುರುತೂ ಕಾಲಿಗೇ ಸಿಕ್ಕಿತು.

ಎಷ್ಟು ವೇಗವಾಗಿ ಓಡಬೇಕು ಎಂಬುದನ್ನು ಕಲಿಸಿದವರು ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದು ನಿವೃತ್ತರಾದ ಒಬ್ಬರು. ದಿನಾ ಎದುರು ದಿಕ್ಕಿನಿಂದ ಸುತ್ತು ಹಾಕುತ್ತಾರೆ. ನಾನು ಓಡಿ ಬರುವುದು ಕಂಡರೆ ದೂರದಿಂದಲೇ, "ಏನಮ್ಮಾ, ಮನೇಲಿ ಇವತ್ತೇನು ತಿಂಡಿ?" ಎನ್ನುತ್ತಾರೆ. ಮೊದಲು ಲೋಕಾಭಿರಾಮದ ಮಾತೆಂದುಕೊಂಡಿದ್ದೆ. ಆಮೇಲೆ ಅವರೇ ಬಿಡಿಸಿ ಹೇಳಿದರು. "ಉಪ್ಪಿಟ್ಟು" ಅಂತ ಒಂದೇ ಮಾತು ಬಂದರೆ ವೇಗ ಹೆಚ್ಚಾಯಿತು. "ಅವರೆಕಾಳು ಉಪ್ಪಿಟ್ಟು ಮೇಷ್ಟ್ರೇ, ರಾತ್ರೀನೇ ಸುಲಿದು ಇಟ್ಟಿದೀನಿ" ಅಂತ ಪೂರ್ತಿ ವಾಕ್ಯ ಸಲೀಸಾಗಿ ಬಂದರೆ ಸರಿಯಾಗಿದೆ. ಹಾಡು ಹೇಳುವಷ್ಟು ಉಸಿರಿದ್ದರೆ ಇನ್ನೊಂದು ಸ್ವಲ್ಪ ಕಾಲೆತ್ತಬಹುದು. ವ್ಯಾಯಾಮದ ಶಾಸ್ತ್ರ ಓದಿದವರೂ ಈ ಮಾತಿನ ಪರೀಕ್ಷೆಯನ್ನು ಒಪ್ಪುತ್ತಾರೆ. ಮಾತು ತುಂಡಾಗತೊಡಗಿತೆಂದರೆ ಆರಾಮದ ವೇಗದ ಮಿತಿ ದಾಟಿದೆ, ದೇಹ ಸಾಲದ ಬಾಬ್ತಿಗೆ ಕೈಹಾಕಿದೆ ಎಂದೇ ಅರ್ಥ. ಆ ವೇಗದಲ್ಲಿ ಬಹಳ ದೂರ ಹೋಗಲಾಗುವುದಿಲ್ಲ.

ಮಾತಾಡುತ್ತಾ ಓಡುವಷ್ಟು ನಿಧಾನವಾದರೆ ಅದು ಓಟ ಹೇಗಾಯಿತು ಎಂದು ಕೇಳಿದೆ. ಮೇಷ್ಟ್ರು ನಿಂತು, ತಮ್ಮ ಕಾಲನ್ನೇ ತೋರಿಸಿ ವಿವರಿಸಿದರು. ನಡೆಯುವಾಗ ಒಂದಲ್ಲ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡು ಕಾಲೂ ನೆಲ ಬಿಟ್ಟಿರುತ್ತವೆ. ವ್ಯತ್ಯಾಸ ಅಲ್ಲಿರುವುದು, ವೇಗದಲ್ಲಲ್ಲ. ಬಿರುಸಾಗಿ ನಡೆಯುವವರು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ, ಆದರೂ ಓಡುತ್ತಿರುವವಳು ನಾನು. ಇದು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ. ಅಲ್ಲಿಂದೀಚೆಗೆ ನೆಲ ಬಿಟ್ಟ ಆ ಕ್ಷಣವನ್ನು ಗಮನಿಸುತ್ತಲೇ ಓಡುತ್ತೇನೆ. ಮೈ ಹಗುರಾಗುವುದು, ಮಣ್ಣಿಗೆ ಕಾಲು ತಾಗಿದ ಸಣ್ಣ ಸದ್ದು, ಮತ್ತೆ ಹಗುರ. ನಡಿಗೆಯಲ್ಲಿ ಈ ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

ಆದರೆ ಹಾರಿದ ಮೈ ಇಳಿಯಲೂ ಬೇಕಲ್ಲ. ಇಳಿಯುವಾಗ ಒಂದು ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಹೊಸದಾಗಿ ಓಡುವವರು ಎಲ್ಲಕ್ಕಿಂತ ಹೆಚ್ಚು ಅರಿತುಕೊಳ್ಳಬೇಕಾದದ್ದು ಇಲ್ಲಿದೆ. ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಪಳಗುವುದಿಲ್ಲ. ರಕ್ತದ ದ್ರವಭಾಗ ಮೊದಲ ಒಂದೆರಡು ವಾರದಲ್ಲೇ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸಲು ಕಲಿಯುತ್ತದೆ, ವಿಶ್ರಾಂತಿಯಲ್ಲಿ ನಾಡಿ ನಿಧಾನವಾಗುತ್ತದೆ, ಸ್ನಾಯುಗಳಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಉಸಿರು ಹೀಗೆ ಬೇಗ ಒಲಿಯುತ್ತದೆ. ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ತೆಗೆದುಹಾಕುತ್ತದೆ, ಆಮೇಲೆ ಅಲ್ಲಿ ಹೊಸದನ್ನು ಕಟ್ಟುತ್ತದೆ. ಗೋಡೆ ಒಡೆದು ಕಟ್ಟುವ ಮನೆಯವರು ಮಧ್ಯದ ತಿಂಗಳುಗಳಲ್ಲಿ ಎಚ್ಚರದಿಂದ ಇರಬೇಕಾದಂತೆ, ಓಡುವವರೂ ಆ ಅವಧಿಯಲ್ಲಿ ಎಚ್ಚರದಿಂದ ಇರಬೇಕು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗುವುದೂ ತಿಂಗಳುಗಳ ಕೆಲಸ. ಉಸಿರು ಇನ್ನೂ ಹೋಗೋಣ ಅನ್ನುತ್ತಿರುತ್ತದೆ, ಕಣಕಾಲಿನ ಒಳಬದಿ ಸಾಕು ಅನ್ನುತ್ತಿರುತ್ತದೆ. ಆಗ ಕೇಳಬೇಕಾದದ್ದು ಕಣಕಾಲಿನ ಮಾತನ್ನು. ತಂಡದಲ್ಲಿ ತೀರಾ ನಿಧಾನದವರ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕುವುದು ಸೌಜನ್ಯ. ನನ್ನ ಮೈಯೊಳಗೂ ಆ ಸೌಜನ್ಯ ಇರಲಿ ಎಂಬುದು ನನ್ನ ಬಯಕೆ.

ಅದಕ್ಕೇ ನಡುವೆ ಬಿಡುವಿನ ದಿನಗಳು. ಓಟವಿಲ್ಲದ ದಿನ ಮನೆಯ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಇದು ಮೀನಖಂಡಕ್ಕೆ. ತೊಡೆಗೆ ಬಸ್ಕಿ. ಬೆನ್ನಿಗೆ ಸೂರ್ಯನಮಸ್ಕಾರ. ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ ಅಥವಾ 75 ನಿಮಿಷದ ಬಿರುಸಿನ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಈ ಎರಡನೆಯದನ್ನು ನಡಿಗೆಯವರೂ ಓಟದವರೂ ಸುಲಭವಾಗಿ ಮರೆಯುತ್ತಾರೆ.

ಕೆರೆಯ ಬಗ್ಗೆ ಹೇಳದಿದ್ದರೆ ಈ ಓಟದ ಅರ್ಧ ಸುಖವನ್ನು ಹೇಳದೆ ಬಿಟ್ಟಂತೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಅಷ್ಟು ದೊಡ್ಡ ಮೈಯ ಹಕ್ಕಿ ನೀರಿಗಿಳಿಯುವುದನ್ನು ಓಡುತ್ತಲೇ ನೋಡುತ್ತೇನೆ. ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸಿಕೊಳ್ಳುತ್ತದೆ, ಹಾವಕ್ಕಿ ಕತ್ತು ಮಾತ್ರ ಮೇಲಿಟ್ಟು ಈಜುತ್ತದೆ. ಡಿಸೆಂಬರಿನಲ್ಲಿ ಮಂಜು ದಟ್ಟವಾದರೆ ಹಕ್ಕಿಗಳ ಕೂಗು ಕೇಳುತ್ತದೆ, ಹಕ್ಕಿ ಕಾಣದು. ಏಪ್ರಿಲಿನಲ್ಲಿ ಬೇಗ ಬರದಿದ್ದರೆ ಬಿಸಿಲು ಬೆನ್ನು ಸುಡುತ್ತದೆ. ಮೇ ತಿಂಗಳ ಗುಡುಗು ಮಳೆಯ ಮಾರನೆಯ ಬೆಳಿಗ್ಗೆ ಮಣ್ಣಿನ ದಾರಿ ಮೆತ್ತಗಾಗಿ, ಉದುರಿದ ಹೂವಿನ ಮೇಲೆ ಕಾಲಿಡುವಾಗ ಜಾರದಂತೆ ಚಿಕ್ಕ ಹೆಜ್ಜೆ ಹಾಕಬೇಕು. ಜಿಮ್ಮಿನ ಬೆಲ್ಟಿನ ಮೇಲೆ ಓಡುವವರ ಬಗ್ಗೆ ನನಗೆ ಗೌರವವಿದೆ, ಆದರೆ ಓಡಿದರೆ ನಾನು ಬಯಲಿನಲ್ಲೇ ಓಡುವವಳು.

ಮೇಷ್ಟ್ರ ಬಳಿ ಓಟಗಾರರ ಕಥೆಗಳ ಭಂಡಾರವಿದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರ ಹೆಸರನ್ನು ನಾನು ಕೇಳಿದ್ದು ಅವರಿಂದಲೇ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ಗೆ ದೊರಾಬ್‌ಜಿ ಟಾಟಾ ಅವರ ಪ್ರಯತ್ನದಿಂದ ಭಾರತದ ಒಂದು ಸಣ್ಣ ತಂಡ ಹೋಗಿತ್ತು. ಅದರಲ್ಲಿ ಚೌಗುಲೆ ಮ್ಯಾರಥಾನ್ ಓಡಿದರು. ಅಲ್ಲಿಯ ಹಾದಿ ಈಗಿನ 42.195 ಕಿಲೋಮೀಟರಿಗಿಂತ ಉದ್ದವಾಗಿತ್ತು, 42.75 ಕಿಲೋಮೀಟರ್. ಅವರು 19ನೆಯವರಾಗಿ ಮುಟ್ಟಿದರು. ಬೆಳಗಾವಿಯ ಆ ಓಟಗಾರನ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹೆಂಗಸರ ಓಟದ ಕಥೆಯನ್ನು ನಾನೇ ಹುಡುಕಿ ಓದಿದೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಅವರಿಗೆ 800 ಮೀಟರ್ ಓಟ ಇಟ್ಟರು. ಮುಗಿಸಿದವರು ದಣಿದು ಕುಸಿದರೆಂದು ಪತ್ರಿಕೆಗಳು ದೊಡ್ಡದು ಮಾಡಿ ಬರೆದವು. ಗಂಡಸರೂ ಓಟ ಮುಗಿಸಿ ನೆಲಕ್ಕೆ ಬೀಳುತ್ತಾರೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹೆಂಗಸರ ಆ ಓಟ ಮತ್ತೆ ಒಲಿಂಪಿಕ್ಸ್‌ಗೆ ಬಂದದ್ದು 1960ರಲ್ಲಿ. ಮ್ಯಾರಥಾನ್ ಓಡಲು ಅವರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಅದೇ ಕೂಟದಲ್ಲೇ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ಕಂಚು ಕಳೆದುಕೊಂಡದ್ದು, ಆ ವರ್ಷ ನಾವು ಶಾಲೆಯ ಹುಡುಗಿಯರು. ಆಮೇಲೆ ಕೊಡಗಿನ ಅಶ್ವಿನಿ ನಾಚಪ್ಪ ಬಂದರು. ಅವರ ಚಿತ್ರ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡೆವು. ಆದರೆ ಓಡುವುದು ಗೆಲ್ಲಬಲ್ಲವರ ಕೆಲಸ ಎಂದುಕೊಂಡು ನಾವು ಸುಮ್ಮನಾದೆವು. ಗೆಲ್ಲುವ ಮಾತೇ ಇಲ್ಲದ, ಮಾತಾಡುವಷ್ಟು ಉಸಿರಿಟ್ಟುಕೊಂಡ ಓಟವೊಂದಿದೆ ಎಂದು ಯಾರಾದರೂ ಆಗಲೇ ಹೇಳಿದ್ದರೆ ಎಷ್ಟು ಜನ ಹುಡುಗಿಯರು ಓಡುತ್ತಲೇ ದೊಡ್ಡವರಾಗುತ್ತಿದ್ದರು!

ಈಚೆಗೆ ನಾದಿನಿಯೂ ಜೊತೆಗೆ ಬರುತ್ತಿದ್ದಾಳೆ. ಅವಳು ಬಂದದ್ದು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಡಾಕ್ಟರು ಹೇಳಿದ ಮೇಲೆ. ಎದೆಯ ಪರೀಕ್ಷೆಯನ್ನೂ ಮಾಡಿಸಿಕೊಂಡೇ ಬಂದಳು, ನಮ್ಮ ವಯಸ್ಸಿನಲ್ಲಿ ಅದು ಆಗಲೇಬೇಕಾದ ಕೆಲಸ. ಅವಳ ಜೊತೆಗೆ ನಾನೂ ಬೆಂಚಿನಿಂದ ಮರದವರೆಗಿನ ಓಟಕ್ಕೆ ಮರಳಿದ್ದೇನೆ. "ಅತ್ತಿಗೆ, ನಿಮಗೆ ಬೇಜಾರಾಗಲ್ವಾ, ನನ್ನಿಂದ ನಿಲ್ತಾ ನಿಲ್ತಾ ಹೋಗೋದಕ್ಕೆ?" ಅಂದಳು. ಬೇಜಾರೆಲ್ಲಿಯದು! ಮನೆಯಲ್ಲಿ ಎದುರುಬದುರು ಕೂತಾಗ ಆಡದ ಮಾತುಗಳನ್ನು ಅವಳು ಪಕ್ಕದಲ್ಲಿ ಓಡುತ್ತಾ ಆಡುತ್ತಾಳೆ. ಇಬ್ಬರೂ ಮುಂದಕ್ಕೆ ನೋಡುತ್ತಿರುವುದರಿಂದ ಕೆಲವು ವಿಷಯಗಳು ಹೇಳಲು ಹಗುರವಾಗುತ್ತವೆ. ಅವುಗಳಲ್ಲಿ ಯಾವುದನ್ನೂ ಇಲ್ಲಿ ಬರೆಯಲಾರೆ.

ಅವಳಿಗೀಗ ಚಾಮುಂಡಿ ಬೆಟ್ಟದ ಮೇಲೆ ಕಣ್ಣು. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು, ದಾರಿಯಲ್ಲಿ ನಂದಿ. ಓಡಿ ಹತ್ತುವ ಹುಡುಗರನ್ನು ನೋಡಿ ಬಂದಿದ್ದಾಳೆ. ಹತ್ತುವುದೇನೋ ಹತ್ತೋಣ, ನಡೆದುಕೊಂಡು, ಅಲ್ಲಲ್ಲಿ ಕೂತು, ನಂದಿಗೆ ಕೈಮುಗಿದು ಎಂದೆ. ಮೊಣಕಾಲಿಗೆ ಕಷ್ಟ ಇರುವುದು ಇಳಿಯುವಾಗ. ಆಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಮಾರನೆಯ ದಿನದ ನೋವೆಲ್ಲ ಅದರಿಂದಲೇ ಬರುವುದು. ಆದ್ದರಿಂದ ಮೊದಲ ಸಲ ಕೆಳಗೆ ಬರುವುದಕ್ಕೆ ಸಿಟಿ ಬಸ್ಸು. ಮಳೆ ಬರದಿದ್ದರೆ ಈ ಭಾನುವಾರವೇ ಹೊರಡುತ್ತೇವೆ, ಚಿಲ್ಲರೆ ಕಾಸು ಅವಳು ಇಟ್ಟುಕೊಳ್ಳುವುದು, ಏಲಕ್ಕಿ ಬಾಳೆಹಣ್ಣು ನಾನು ತರುವುದು.