ಜೀಪಿನ ಖಾತೆ ಪುಸ್ತಕ

ನಮ್ಮ ಮನೆಯ ಬೀರುವಿನಲ್ಲಿ ತೋಟದ ಪಹಣಿ, ನನ್ನ ಪೆನ್ಷನ್ ಕಾಗದಗಳು, ಇವಳ ಒಡವೆ ಡಬ್ಬಿ, ಇವುಗಳ ಜೊತೆಗೆ ನೀಲಿ ರಟ್ಟಿನ ಒಂದು ಉದ್ದನೆಯ ಲೆಡ್ಜರ್ ಇದೆ. ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ‘ಜೀಪಿನ ಖಾತೆ, 1998’ ಎಂದು ಬರೆದಿದೆ. ಮೊದಲ ನಮೂದು: ‘ಖರೀದಿ, ರೂ. 1,05,000.’ ಆಮೇಲಿನ ಪುಟಗಳೆಲ್ಲ ಬರೀ ಖರ್ಚು. ಜಮಾ ಕಡೆ ಒಂದೇ ಒಂದು ನಮೂದಿದೆ. ಹಳೆಯ ಬ್ಯಾಟರಿ ಮಾರಿದ್ದಕ್ಕೆ ಬಂದ 300 ರೂಪಾಯಿ.

“ಈ ಪುಸ್ತಕ ಒಡವೆ ಪಕ್ಕ ಇಡೋದು ಯಾಕೆ? ಇದ್ರಿಂದ್ಲೇ ಅಲ್ವಾ ಒಡವೆ ಹೆಚ್ಚಾಗದೇ ಹೋಗಿದ್ದು?” ಎಂದು ಇವಳು ವರ್ಷಕ್ಕೊಮ್ಮೆಯಾದರೂ ಕೇಳುತ್ತಾಳೆ. ನಾನು ಸುಮ್ಮನಿರುತ್ತೇನೆ. ಲೆಕ್ಕ ಅವಳ ಕಡೆಗೇ ಇದೆ.

ನಮ್ಮ ಮನೆ ಶಿಕಾರಿಪುರದಲ್ಲಿ. ಅಪ್ಪನಿಂದ ಬಂದ ಎರಡು ಎಕರೆ ಅಡಿಕೆ ತೋಟ ಸೊರಬದ ಆಚೆ. ಶಿರಾಳಕೊಪ್ಪದ ಮೇಲೆ ಹೋದರೆ ಸೊರಬಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಯ ತನಕ ಬಸ್ಸಿದೆ, ತೊಂದರೆಯಿಲ್ಲ. ತೊಂದರೆಯೆಲ್ಲ ಕೊನೆಯ ಎರಡು ಕಿಲೋಮೀಟರಿನಲ್ಲಿ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಆ ದಾರಿ ಕೆಸರುಗದ್ದೆ. ನನ್ನ ಸ್ಕೂಟರ್ ಅದರಲ್ಲಿ ಎಷ್ಟು ಸಲ ಮಲಗಿದೆಯೋ, ಅಷ್ಟೇ ಸಲ ನಾನೂ ಮಲಗಿದ್ದೇನೆ. ಕೊಳೆರೋಗ ಬಂದಾಗ ಬೋರ್ಡೋ ಹೊಡೆಸಲು ಮೈಲುತುತ್ತ, ಸುಣ್ಣ ಸಾಗಿಸಬೇಕು. ಆಳುಗಳನ್ನು ಕರೆದೊಯ್ಯಬೇಕು. ಹೀಗಾಗಿ, ಅಲ್ಲಿಯ ಬೆಳೆಗಾರರೊಬ್ಬರು ತಮ್ಮ 1987ರ ಮಹೀಂದ್ರ ಡೀಸೆಲ್ ಜೀಪು ಕೊಡುತ್ತಾರೆಂದು ತಿಳಿದಾಗ, ಹೆಂಡತಿಯನ್ನು ಕೇಳದೆ ಮುಂಗಡ ಕೊಟ್ಟು ಬಂದೆ. ನನ್ನ ಸಂಸಾರದಲ್ಲಿ ನಾನು ಅವಳನ್ನು ಕೇಳದೆ ಮಾಡಿದ ದೊಡ್ಡ ವ್ಯವಹಾರ ಅದೊಂದೇ.

ಈಗಿನ ಮಕ್ಕಳು ‘ಎಸ್‌ಯುವಿ’ ಎನ್ನುತ್ತಾರೆ. ನಮ್ಮ ಕಾಲಕ್ಕೆ ಎತ್ತರದ ಗಾಡಿಯೆಲ್ಲ ‘ಜೀಪು’. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು. ಅದೇ ವಂಶದ ಗಾಡಿಗಳು ಮಲೆನಾಡಿನ ತುಂಬ ಓಡಿದವು. ಬಿಡಿಓ ಸಾಹೇಬರ ಜೀಪು, ಅರಣ್ಯ ಇಲಾಖೆಯ ಜೀಪು, ಚುನಾವಣೆಯ ಜೀಪು, ಸಂತೆಯ ದಿನ ಇಪ್ಪತ್ತು ಜನರನ್ನು ತುಂಬಿಕೊಂಡು ಬರುವ ಟ್ರಿಪ್ ಜೀಪು. ಬ್ಯಾಂಕಿನ ಸಾಲ ವಸೂಲಿಗೂ ನಾವು ಬಾಡಿಗೆ ಜೀಪಿನಲ್ಲೇ ಹೋಗುತ್ತಿದ್ದೆವು. ಅದರ ಸದ್ದು ಕೇಳಿದ್ದೇ ಸಾಲಗಾರರು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ! ಆಮೇಲೆ 1994ರಲ್ಲಿ ಟಾಟಾ ಸುಮೋ ಬಂತು, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ. ಒಂದೊಂದು ಬಂದಾಗಲೂ ಮಗ “ಅಪ್ಪಾ, ಬದಲಾಯಿಸೋಣ” ಎಂದ. ನಾನು ಬದಲಾಯಿಸಲಿಲ್ಲ. ಕಾರಣ ಪ್ರೀತಿಯೆಂದು ಹೇಳಿದರೆ ಸುಳ್ಳಾಗುತ್ತದೆ. ದುಡ್ಡಿರಲಿಲ್ಲ. ಪ್ರೀತಿ ಆಮೇಲೆ ಬಂತು.

ಹಳೆಯ ಜೀಪು ಸಾಕುವುದು ಹಾಲು ಕೊಡದ ಎಮ್ಮೆ ಸಾಕಿದ ಹಾಗೆ. ಮೇವು ಮಾತ್ರ ಹೊತ್ತಿಗೆ ಸರಿಯಾಗಿ ಬೀಳಬೇಕು. ನನಗೆ ಇದನ್ನೆಲ್ಲ ಕಲಿಸಿದವರು ಶಿರಾಳಕೊಪ್ಪದ ಒಬ್ಬ ಹಿರಿಯ ಮೇಸ್ತ್ರಿ. ಅವರು ಶಾಲೆಗೆ ಹೋದವರಲ್ಲ, ಆದರೆ ಎಂಜಿನ್ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಅವರು ಕಲಿಸಿದ ಕೆಲವು ಪಾಠ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಹಳೆಯ ಗಾಡಿ ಇರುವವರಿಗೆ ಉಪಯೋಗವಾದೀತು.

ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸೆಲ್ಫ್ ಹೊಡೆಯಬಾರದು. ನಮ್ಮ ಜೀಪಿನಂಥ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಹೀಟರ್ ಪ್ಲಗ್ ಇರುತ್ತದೆ. ಅದು ಕಾದು ಕೆಂಪಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟು ಪುರುಸೊತ್ತು ಕೊಡದೆ ಸೆಲ್ಫ್ ಹೊಡೆದರೆ ಎಂಜಿನ್ ಏಳುವುದಿಲ್ಲ, ಬ್ಯಾಟರಿ ಮಲಗುತ್ತದೆ. ಡೀಸೆಲ್ ಪೂರ್ತಿ ಖಾಲಿಯಾಗಲು ಬಿಡಬಾರದು. ಬಿಟ್ಟರೆ ಪೈಪಿನೊಳಗೆ ಗಾಳಿ ಸೇರಿ, ಆಮೇಲೆ ಟ್ಯಾಂಕು ತುಂಬಿಸಿದರೂ ಗಾಡಿ ಏಳುವುದಿಲ್ಲ. ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಗಾಳಿ ತೆಗೆಯಬೇಕು. ಮಳೆಗಾಲದಲ್ಲಿ ಕೆಸರಿನಲ್ಲಿ ಓಡಿಸಿದ ಮೇಲೆ ಅಡಿಭಾಗ ತೊಳೆದು, ಸ್ಪ್ರಿಂಗ್ ಪ್ಲೇಟು, ಶಾಫ್ಟಿನ ಕೀಲುಗಳಿಗೆ ಗ್ರೀಸ್ ಹೊಡೆಸಬೇಕು. ಹಳೆಯ ಗ್ರೀಸ್ ಹೊರಗೆ ಬಂದು ಹೊಸತು ಕಾಣುವ ತನಕ ಹೊಡೆಯಬೇಕು, ಇಲ್ಲದಿದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ನಾಲ್ಕೂ ಚಕ್ರ ಎಳೆಯುವ ಲಿವರನ್ನು ಕೆಸರಿನಲ್ಲಿ ಮಾತ್ರ ಹಾಕಬೇಕು. ಒಣ ಟಾರು ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಟ್ಟಿಗೆ ಬಿಗಿದರೆ ಗೇರಿನ ಹಲ್ಲುಗಳಿಗೆ ಪೆಟ್ಟು. ಮಳೆಗಾಲ ಮುಗಿದ ಮೇಲೆ ಒಮ್ಮೆ ಚಾಸಿಯ ಅಡಿ ಮಲಗಿ, ತುಕ್ಕು ಉಜ್ಜಿ ಬಣ್ಣ ಹೊಡೆಯಬೇಕು. ಇನ್ನು ಇಲಿಗಳು! ವಾರ ನಿಲ್ಲಿಸಿದರೆ ಬಾನೆಟ್ಟಿನೊಳಗೆ ಬಾಣಂತನಕ್ಕೆ ಬಂದುಬಿಡುತ್ತವೆ, ವೈರು ಕಡಿಯುತ್ತವೆ. ಇದಕ್ಕೆ ಮೇಸ್ತ್ರಿಯವರಲ್ಲೂ ಮದ್ದಿರಲಿಲ್ಲ. “ದಿನಾ ಒಮ್ಮೆ ಬಾನೆಟ್ ಎತ್ತಿ ಮಾತಾಡ್ಸಿ ಸಾರ್” ಎನ್ನುತ್ತಿದ್ದರು.

ಇಷ್ಟೆಲ್ಲ ಕಲಿತ ನಾನು ಒಂದು ಪಾಠದಲ್ಲಿ ಮಾತ್ರ ಫೇಲಾದೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕೂತದ್ದು.

2016ರ ದಸರಾ ರಜೆ. ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು, ಆಗ ಅವಳಿಗೆ ಎಂಟು ವರ್ಷ. ಅಜ್ಜಿ, ಮೊಮ್ಮಗಳನ್ನು ಕೂರಿಸಿಕೊಂಡು ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನಕ್ಕೆ ಹೋದೆ. ಹಣ್ಣುಕಾಯಿ ಮಾಡಿಸಿ, ಮೆಟ್ಟಿಲು ಇಳಿದು, ಮಂಡಕ್ಕಿ ತಿಂದು, ಸೊರಬದ ಕಡೆ ಹೊರಟೆವು. ಒಂದು ಇಳಿಜಾರಿನಲ್ಲಿ ಎದುರಿಗೆ ದನಗಳ ಹಿಂಡು. ಬ್ರೇಕ್ ಒತ್ತಿದೆ. ಪೆಡಲು ಮೆತ್ತಗೆ, ನೀರಿನೊಳಗೆ ಕಾಲಿಟ್ಟ ಹಾಗೆ, ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ. ಏನೂ ಇಲ್ಲ.

ಹಿಂದೆ ಮೊಮ್ಮಗಳು ಏನೋ ಹಾಡು ಹೇಳುತ್ತಿದ್ದಳು. ಆ ಹೊತ್ತಿಗೆ ನನ್ನ ಕಿವಿಗೆ ಬೇರೇನೂ ಕೇಳಿಸಲಿಲ್ಲ, ಅವಳ ಹಾಡು ಮಾತ್ರ. ಗೇರನ್ನು ಮೂರರಿಂದ ಎರಡಕ್ಕೆ ಎಳೆದೆ. ಎಂಜಿನ್ ಕಿರುಚಿತು, ವೇಗ ಸ್ವಲ್ಪ ತಗ್ಗಿತು. ಹ್ಯಾಂಡ್ ಬ್ರೇಕ್ ಎಳೆಯುತ್ತಾ ಗಾಡಿಯನ್ನು ಎಡಕ್ಕೆ ತಿರುಗಿಸಿದೆ. ದೇವರ ದಯೆ, ಆ ಕಡೆ ಮರವಿರಲಿಲ್ಲ, ಗದ್ದೆಯ ಏರಿ ಇತ್ತು. ಮುಂದಿನ ಚಕ್ರ ಚರಂಡಿಗಿಳಿದು, ಬಂಪರ್ ಮಣ್ಣಿಗೆ ಕಚ್ಚಿ ಜೀಪು ನಿಂತಿತು. ಇವಳ ಹಣೆಗೆ ಸರಳು ಬಡಿದು ಊದಿಕೊಂಡಿತು. ಮೊಮ್ಮಗಳಿಗೆ ಏನೂ ಆಗಿರಲಿಲ್ಲ. “ಅಜ್ಜಾ, ಇನ್ನೊಂದ್ಸಲ!” ಎಂದಳು. ನನ್ನ ಕೈಕಾಲು ನಡುಗುವುದು ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಮೇಸ್ತ್ರಿಯವರು ಬಂದು ಹಿಂದಿನ ಚಕ್ರ ಬಿಚ್ಚಿದರು. ವೀಲ್ ಸಿಲಿಂಡರಿನ ರಬ್ಬರ್ ಕಪ್ ಹರಿದು ಬ್ರೇಕ್ ಆಯಿಲ್ ಡ್ರಮ್ಮಿನೊಳಗೆಲ್ಲ ಸೋರಿತ್ತು. ಮೇಲಿನ ಡಬ್ಬಿ ಒಣಗಿತ್ತು. ಅವರು ನನ್ನ ಮುಖ ನೋಡದೆ ಕೇಳಿದರು: “ಮೊದ್ಲೇ ಕಡಿಮೆ ಆಗ್ತಾ ಇತ್ತಲ್ವಾ ಸಾರ್?”

ಆಗುತ್ತಿತ್ತು. ಮನೆಗೆ ಬಂದು ಲೆಡ್ಜರ್ ತೆಗೆದು ನೋಡಿದೆ. ಗಣಪತಿ ಹಬ್ಬ ಕಳೆದ ಮೇಲಿನ ಒಂದು ತಿಂಗಳಲ್ಲಿ ‘ಬ್ರೇಕ್ ಆಯಿಲ್’ ಎಂದು ಮೂರು ಸಲ ಬರೆದಿದ್ದೆ. ಮೂರೂ ಸಲ ಡಬ್ಬಿಗೆ ಸುರಿದು, ಮುಚ್ಚಳ ತಿರುಗಿಸಿ, ಖರ್ಚು ಬರೆದು ಮುಗಿಸಿದ್ದೆ. ಎಲ್ಲಿಗೆ ಹೋಯಿತು ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಬ್ಯಾಂಕಿನಲ್ಲಿ ದಿನದ ಕೊನೆಗೆ ಕ್ಯಾಶಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೂ ನಾವು ರಾತ್ರಿಯ ತನಕ ಕೂತು ಹುಡುಕುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗರು “ನಾನೇ ಜೇಬಿಂದ ಹಾಕ್ತೀನಿ ಸಾರ್, ಮನೆಗೆ ಹೋಗೋಣ” ಎನ್ನುತ್ತಿದ್ದರು. ಅವರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ: “ಹತ್ತು ರೂಪಾಯಿ ಹಾಕಿದ್ರೆ ಲೆಕ್ಕ ಕೂಡುತ್ತೆ ಮಾರಾಯ, ತಪ್ಪು ಅಲ್ಲೇ ಇರುತ್ತೆ.” ಮೂವತ್ತು ವರ್ಷ ಊರವರಿಗೆಲ್ಲ ಹೇಳಿದವನು ನನ್ನ ಹೆಂಡತಿ, ಮೊಮ್ಮಗಳು ಕೂತ ಗಾಡಿಗೆ ಮೂರು ಸಲ ಜೇಬಿನಿಂದ ಹಾಕಿದ್ದೆ. ಆ ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಗೆರೆ ಎಳೆದಿದ್ದೇನೆ. ಇವತ್ತಿಗೂ ಪುಸ್ತಕ ತೆಗೆದರೆ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಅಂದಿನಿಂದ ಎರಡು ನಿಯಮ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲು, ಅದು ಗಾಳಿಯ ತೇವ ಹೀರುವ ವಸ್ತು, ನಮ್ಮಂಥ ಮಳೆಯ ಊರಿನಲ್ಲಿ ಕೇಳಬೇಕೆ? ಎರಡನೆಯದು, ದಿನಾ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅದು ನಿಂತಿದ್ದ ನೆಲವನ್ನು ನೋಡುವುದು. ಒಂದು ಹನಿಯ ಕಲೆ ಕಂಡರೂ ಎಲ್ಲಿಂದ ಎಂದು ಗೊತ್ತಾಗುವ ತನಕ ಕೀಲಿ ಮುಟ್ಟುವುದಿಲ್ಲ.

ಈಗ ಇನ್ನೊಂದು ಲೆಕ್ಕ ಎದುರಿಗಿದೆ. ಸ್ವಂತ ಗಾಡಿಯ ನೋಂದಣಿ ಮೊದಲು 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ನಮ್ಮ ಜೀಪು 2002, 2007, 2012, 2017, 2022, ಹೀಗೆ ಐದು ಸಲ ಪಾಸಾಗಿದೆ. ಕಾರುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದವಕ್ಕೆ 10,000 ಎಂದು ಮಾಡಿದರು. ಮುಂದಿನ ಸರದಿ 2027. ತಮಾಷೆಯೆಂದರೆ ನನ್ನ ಡ್ರೈವಿಂಗ್ ಲೈಸೆನ್ಸ್ ಕೂಡ ವಯಸ್ಸಾದ ಕಾರಣ ಐದೈದು ವರ್ಷಕ್ಕೇ ಸಿಗುವುದು, ಅದೂ 2027ಕ್ಕೇ ಮುಗಿಯುವುದು. ಜೀಪಿಗೆ ಇನ್ಸ್‌ಪೆಕ್ಟರ್ ಸರ್ಟಿಫಿಕೇಟ್, ನನಗೆ ಡಾಕ್ಟರ್ ಸರ್ಟಿಫಿಕೇಟ್. ಆಗ ಜೀಪಿಗೆ 40, ನನಗೆ 76.

ಮಗ ಫೋನಿನಲ್ಲಿ ಹೇಳಿದ: “ಅಪ್ಪಾ, ಜೀಪಿಗೆ ಹತ್ತು ಸಾವಿರ ಕಟ್ಟೋದು ಹಾಗಿರ್ಲಿ. ನೀವಿನ್ನು ಓಡಿಸ್ಬೇಕಾ?” ಸಿಟ್ಟು ಬಂತು. ಆದರೆ ಸಿಟ್ಟಿಳಿದ ಮೇಲೆ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ರಾತ್ರಿ ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಕಳೆದ ವರ್ಷದಿಂದ ಕತ್ತಲಾದ ಮೇಲೆ ಓಡಿಸುವುದು ಬಿಟ್ಟಿದ್ದೇನೆ. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಬಂದು, ದೊಡ್ಡ ಟೈರು ಹಾಕಿ ಸಿಂಗರಿಸುತ್ತೇನೆಂದು ಎರಡೂವರೆ ಲಕ್ಷಕ್ಕೆ ಕೇಳಿ ಹೋಗಿದ್ದಾನೆ. ಬಿ.ಕಾಂ.ನಲ್ಲಿ ಕಲಿತ ಸವಕಳಿ ಲೆಕ್ಕ ಹಾಕಿ ನೋಡಿದೆ. ವರ್ಷವರ್ಷ ಉಳಿದ ಬೆಲೆಯ ಮೇಲೆ ನೂರಕ್ಕೆ ಹದಿನೈದರಂತೆ ಕಳೆಯುತ್ತ ಬಂದರೆ 27 ವರ್ಷಕ್ಕೆ ಜೀಪಿನ ಬೆಲೆ ಸುಮಾರು 1,300 ರೂಪಾಯಿ. ಡೀಸೆಲ್ ಬಿಟ್ಟು ನಾನು ಅದಕ್ಕೆ ಸುರಿದದ್ದು 5,86,340. ಎರಡೂವರೆ ಲಕ್ಷ ಸಿಕ್ಕರೆ ಲಾಭವೋ ನಷ್ಟವೋ, ಯಾವ ಆಡಿಟರ್ ಕೂಡ ಹೇಳಲಾರ.

ಕಳೆದ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಈಗ ಹದಿನೇಳು. “ಅಜ್ಜಾ, ಹದಿನೆಂಟು ತುಂಬಿದ ಮೇಲೆ ನಂಗೆ ಜೀಪು ಕಲಿಸ್ತೀಯಾ?” ಎಂದಳು. ಇವಳು ಒಳಗಿನಿಂದಲೇ “ಬೇಡ್ರೀ!” ಎಂದು ಕೂಗಿದಳು. ಹಣೆಯ ಊತ ಮರೆತಿಲ್ಲ.

ನಾನು ಮೊಮ್ಮಗಳನ್ನು ಕೂರಿಸಿಕೊಂಡು ಲೆಡ್ಜರಿನ ಆ ಕೆಂಪು ಗೆರೆಯ ಪುಟ ತೋರಿಸಿದೆ. ಅವಳಿಗೆ ಅಂದು ನಡೆದದ್ದು ಒಂದು ಆಟವೆಂದೇ ನೆನಪು. ಪೂರ್ತಿ ಕೇಳಿ ಸುಮ್ಮನಾದಳು. ಆಮೇಲೆ, “ಇದನ್ನ ಅಪ್ಪಂಗೆ ಹೇಳಿದೀಯಾ?” ಎಂದಳು. ಹೇಳಿರಲಿಲ್ಲ. ಚರಂಡಿಗೆ ಇಳಿಯಿತು ಎಂದಷ್ಟೇ ಹೇಳಿದ್ದೆವು. ಅಂದು ಸಂಜೆ ಮಗನಿಗೆ ಫೋನು ಮಾಡಿ ಮೂರು ನಮೂದುಗಳ ವಿಷಯವನ್ನೂ ಸೇರಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಸರಿ ಅಪ್ಪಾ, 2027ಕ್ಕೆ ನಾನೇ ಬರ್ತೀನಿ. ಡಾಕ್ಟರ ಹತ್ರಾನೂ ಹೋಗೋಣ, ಆರ್‌ಟಿಓಗೂ ಹೋಗೋಣ. ಅವರು ಏನು ಹೇಳ್ತಾರೋ ಹಾಗೆ” ಎಂದ. ನಾನು ಒಪ್ಪಿದ್ದೇನೆ. ಡಾಕ್ಟರ್ ಬೇಡವೆಂದರೆ ಕೀಲಿ ಕೊಟ್ಟುಬಿಡುತ್ತೇನೆ. ಬರವಣಿಗೆಯಲ್ಲಿ ಹೇಳುವುದು ಸುಲಭ, ಅಂದು ಏನಾಗುತ್ತದೋ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಹೊರಗೆ ಬಂದೆ. ಮೊಮ್ಮಗಳು ನನಗಿಂತ ಮೊದಲೇ ಎದ್ದು, ಶೆಡ್ಡಿನಲ್ಲಿ ಮಂಡಿಯೂರಿ, ಮೊಬೈಲ್ ಬೆಳಕು ಹಿಡಿದು ಜೀಪಿನ ಅಡಿ ನೋಡುತ್ತಿದ್ದಳು.

“ಅಜ್ಜಾ, ಇಲ್ಲೊಂದು ಹನಿ ಇದೆ” ಎಂದಳು.

ಕಾಫಿ ಲೋಟ ಕಟ್ಟೆಯ ಮೇಲಿಟ್ಟು ನಾನೂ ಬಗ್ಗಿದೆ. ಬೆರಳಿಗೆ ಹಚ್ಚಿ ನೋಡಿದೆ. ಎಣ್ಣೆಯಲ್ಲ, ರೇಡಿಯೇಟರಿನ ನೀರು. ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟೆ.