ಉಚಿತ ನಾಣ್ಯಕ್ಕೆ ತೆತ್ತ ಬೆಲೆ

ಕೊಡುವವನು ಬೆಲೆ ಕೇಳದಿದ್ದಾಗ, ಪಡೆಯುವವನು ತಾನೇನನ್ನು ತೆರುತ್ತಿರುವೆನೆಂದು ವಿಚಾರಿಸಿಕೊಳ್ಳಬೇಕು. 2023ರ ಜುಲೈನಲ್ಲಿ ‘ವರ್ಲ್ಡ್‌ಕಾಯಿನ್’ ಎಂಬ ಕ್ರಿಪ್ಟೋ ನಾಣ್ಯವು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಸಾವಿರಾರು ಜನರು ಸಾಲುಗಟ್ಟಿ ನಿಂತರು. ಗೋಳಾಕಾರದ ಯಂತ್ರವೊಂದಕ್ಕೆ ಕಣ್ಣು ತೋರಿದರೆ ಸುಮಾರು 7,000 ಶಿಲ್ಲಿಂಗ್ ಬೆಲೆಯ ನಾಣ್ಯಗಳು ಉಚಿತ! ಉದ್ಯೋಗವಿಲ್ಲದ ಯುವಕರಿಗೆ ಅದು ಅಲ್ಪ ಮೊತ್ತವಲ್ಲ; ಅವರನ್ನು ದುರಾಸೆಯವರೆಂದು ಹಳಿಯುವುದು ನ್ಯಾಯವಲ್ಲ.

ಆದರೆ ಆ ಯಂತ್ರವು ಕಣ್ಣಿನ ಪಾಪೆಯ ವಿನ್ಯಾಸವನ್ನು ಗ್ರಹಿಸಿ ಗುರುತಿನ ಸಂಕೇತವನ್ನಾಗಿ ಮಾರ್ಪಡಿಸುತ್ತಿತ್ತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಕಣ್ಣನ್ನು ಬದಲಿಸಲಾದೀತೆ? 2023ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಈ ಕಾರ್ಯವನ್ನು ತಡೆಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟು, ನಾಣ್ಯದ ಆಮಿಷ ತೋರಿ ಸಮ್ಮತಿ ಪಡೆಯುವುದು ಸಲ್ಲದೆಂದು ಹೇಳಿ, ಸಂಗ್ರಹಿಸಿದ ಮಾಹಿತಿಯನ್ನು ಏಳು ದಿನಗಳೊಳಗೆ ಅಳಿಸುವಂತೆ ಆದೇಶಿಸಿತು. ಸಮ್ಮತಿಯು ಹಸಿವಿನ ಬಾಯಿಂದ ಬಂದಾಗ ಅದರ ತೂಕವೆಷ್ಟು ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು.

ಆಧಾರ್ ಸಂಖ್ಯೆ, ಬೆರಳಚ್ಚು, ಒಟಿಪಿ ಕೇಳಿ ಉಚಿತ ನಾಣ್ಯದ ಆಸೆ ತೋರುವವರು ಎದುರಾದಾಗ ಸಜ್ಜನರು ನೈರೋಬಿಯ ಆ ಸಾಲನ್ನು ನೆನೆಯಬೇಕು. ಪಡೆದ ನಾಣ್ಯ ಒಂದು ವಾರದಲ್ಲಿ ಕರಗೀತು. ಕೊಟ್ಟ ಗುರುತು ಮರಳಿ ಕೈಸೇರದು.