ಹೆಸರು ಹಿಡಿದು ನೋಡಿದ ಮಾಲ್ಟಾ

ಭೂಪಟದಲ್ಲಿ ಇಟಲಿ ದೇಶ ಉದ್ದನೆಯ ಬೂಟಿನ ಹಾಗೆ ಕಾಣುತ್ತದಲ್ಲ, ಆ ಬೂಟಿನ ತುದಿಗೆ ಇರುವುದು ಸಿಸಿಲಿ ದ್ವೀಪ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಮೆಡಿಟರೇನಿಯನ್ ಸಮುದ್ರದ ನಡುವೆ ಮೂರು ಸಾಸಿವೆ ಕಾಳುಗಳು ಸಿಗುತ್ತವೆ: ಮಾಲ್ಟಾ, ಗೋಜೋ, ಕೊಮಿನೊ. ಮೂರೂ ಸೇರಿ ಒಂದು ದೇಶ. ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ!

ನನ್ನ ಮಗ ಇಟಲಿಯ ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆ ರಜೆಗೆ ನಾನು ಹೋದಾಗ ಮಗ, ಸೊಸೆ, ಮೊಮ್ಮಗಳು ಪುಟ್ಟಿ ಎಲ್ಲರೂ ಸೇರಿ ಒಂದು ವಾರ ಮಾಲ್ಟಾ ಸುತ್ತಿ ಬಂದೆವು. ಪುಟ್ಟಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಟಾಲಿಯನ್, ಮನೆಯಲ್ಲಿ ಕನ್ನಡ. ವಿಮಾನ ನಿಲ್ದಾಣದಲ್ಲಿ ನಾನು ಕನ್ನಡದಲ್ಲಿ ಏನೋ ಕೇಳಿದರೆ ಮೆಲ್ಲಗೆ ಕಿವಿಯಲ್ಲಿ ಹೇಳಿದಳು: "ಅಜ್ಜಿ, ಕನ್ನಡ ಮನೆ ಚಪ್ಪಲಿ ಥರ. ಮನೇಲಿ ಚೆನ್ನಾಗಿರತ್ತೆ, ಹೊರಗೆ ಹಾಕ್ಕೊಂಡು ಬರಕ್ಕಾಗಲ್ಲ." ನಾನು ನಕ್ಕುಬಿಟ್ಟೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಇವಳು ದೊಡ್ಡವಳಾದ ಮೇಲೆ ಇವಳ ಮನೆಯಲ್ಲಾದರೂ ಆ ಚಪ್ಪಲಿ ಇರುತ್ತದೋ ಇಲ್ಲವೋ?

ನಾವು ಮೊದಲು ನೋಡಿದ್ದು ರಾಜಧಾನಿ ವಲೆಟ್ಟಾ. ಊರಿಗೆ ಊರೇ ಜೇನಿನ ಬಣ್ಣದ ಸುಣ್ಣಕಲ್ಲಿನಲ್ಲಿ ಕಟ್ಟಿದ್ದು. ಬೀದಿಗಳು ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಯುತ್ತವೆ. ನನ್ನ ಮಂಡಿಗಳು ಪ್ರತಿ ಮೆಟ್ಟಿಲಿನಲ್ಲೂ ದೂರು ಹೇಳಿದವು. ಇಷ್ಟು ಪುಟ್ಟ ದ್ವೀಪಕ್ಕೆ ಬಂದು ಆಳಿದವರ ಪಟ್ಟಿ ಮಾತ್ರ ಬಲು ಉದ್ದ. ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಈ ದ್ವೀಪವನ್ನು ಸಂತ ಜಾನ್‌ನ ಹೆಸರಿನ ಯೋಧರ ಪಂಗಡವೊಂದಕ್ಕೆ ಕೊಟ್ಟ. ವರ್ಷದ ಕಂದಾಯ ಎಷ್ಟು ಗೊತ್ತೇ? ಒಂದೇ ಒಂದು ಡೇಗೆ ಹಕ್ಕಿ! 1565ರಲ್ಲಿ ತುರ್ಕಿಯ ದೊಡ್ಡ ಸೈನ್ಯ ಬಂದು ಸುಮಾರು ನಾಲ್ಕು ತಿಂಗಳು ಮುತ್ತಿಗೆ ಹಾಕಿತು. ಯೋಧರೂ ಊರಿನ ಜನರೂ ಸೇರಿ ತಡೆದು ನಿಂತರು. ಆಗ ಮುಂದಾಳಾಗಿದ್ದವನು ಝಾನ್ ದ ವಾಲೆಟ್. ಮರುವರ್ಷ ಅಡಿಗಲ್ಲು ಹಾಕಿದ ಹೊಸ ನಗರಕ್ಕೆ ಅವನದೇ ಹೆಸರು ಬಂತು. 1798ರಲ್ಲಿ ನೆಪೋಲಿಯನ್ ಬಂದ. ಎರಡೇ ವರ್ಷಕ್ಕೆ ಬ್ರಿಟಿಷರು ಬಂದರು. 1964ರಲ್ಲಿ ಮಾಲ್ಟಾ ಸ್ವತಂತ್ರವಾಯಿತು.

ಬಂದವರೆಲ್ಲ ಹೋದರು. ಜನರ ಬಾಯಲ್ಲಿದ್ದ ಮಾತು ಮಾತ್ರ ಉಳಿಯಿತು. ಅದೇ ಮಾಲ್ಟೀಸ್ ಭಾಷೆ. ಅದರ ಬೇರು ಅರಬರ ಕಾಲದ ಅರೇಬಿಕ್, ಬರೆಯುವುದು ಇಂಗ್ಲಿಷ್‌ನಂಥ ಅಕ್ಷರಗಳಲ್ಲಿ, ಪದಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸಿಸಿಲಿ, ಇಟಲಿಯ ಕಡೆಯಿಂದ ಬಂದವು. ಹೀಗಾಗಿ ನಮಗೊಂದು ಒಳ್ಳೆಯ ಆಟ ಸಿಕ್ಕಿತು. ಬೋರ್ಡಿನ ಮೇಲೆ 'ಸ್ಕೋಲಾ' ಎಂದು ಕಂಡರೆ ಪುಟ್ಟಿ, "ಇಟಾಲಿಯನ್‌ನಲ್ಲಿ ಸ್ಕುವೋಲಾ, ಶಾಲೆ!" ಎಂದು ಕೂಗುತ್ತಿದ್ದಳು. ಪುಸ್ತಕದಂಗಡಿಯ ಮುಂದೆ 'ಕ್ತೀಬ್' ಎಂದು ಮಗ ಓದಿದಾಗ ಮಾತ್ರ ಅವಳು ಸುಮ್ಮನಾದಳು. ನಾನು ಹೇಳಿದೆ, "ಕಿತಾಬು ಕಣೇ! ಪುಸ್ತಕ." ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಉರ್ದು ಮಾತಾಡುತ್ತಿದ್ದರು, ಆ ಪದ ನನಗೆ ಚಿಕ್ಕಂದಿನಿಂದ ಪರಿಚಯ. 'ದಿನ್ಯಾ' ಎಂದರೆ ದುನಿಯಾ. 'ಸಾಪೂನ್' ಎಂದರೆ ನನಗೆ ಸಾಬೂನು, ಅವಳಿಗೆ ಇಟಾಲಿಯನ್‌ನ ಸಪೋನೆ. ಅರ್ಧ ಅಜ್ಜಿಗೆ, ಅರ್ಧ ಮೊಮ್ಮಗಳಿಗೆ ಗೊತ್ತಿರುವ ಭಾಷೆ!

ಅವತ್ತಿನಿಂದ ಪುಟ್ಟಿ ಒಂದು ಪುಸ್ತಕದಲ್ಲಿ ಊರುಗಳ ಹೆಸರು ಬರೆದುಕೊಳ್ಳತೊಡಗಿದಳು. ನಾವು ಊರು ನೋಡಿದ್ದೆಲ್ಲ ಹೆಸರಿನ ಬಾಲ ಹಿಡಿದೇ. 'ಮಾರ್ಸಾ' ಎಂದರೆ ಬಂದರು, 'ಶ್ಲೊಕ್' ಎಂದರೆ ಆಗ್ನೇಯ ದಿಕ್ಕಿನ ಗಾಳಿ. ಎರಡೂ ಸೇರಿದರೆ ಮಾರ್ಸಾಶ್ಲೊಕ್ ಎಂಬ ಮೀನುಗಾರರ ಊರು. ಅಲ್ಲಿ ನೀಲಿ, ಹಳದಿ, ಕೆಂಪು ಬಳಿದ 'ಲುತ್ಸು' ದೋಣಿಗಳು ಸಾಲಾಗಿ ತೇಲುತ್ತವೆ. ಪ್ರತಿ ದೋಣಿಯ ಮೂತಿಗೂ ಎರಡು ಕಣ್ಣು ಬರೆದಿರುತ್ತಾರೆ. ಕಡಲಿನಲ್ಲಿ ಕೇಡು ತಟ್ಟದಿರಲಿ ಎಂದಂತೆ. ನಮ್ಮಲ್ಲಿ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದಿಲ್ಲವೇ, ಹಾಗೆ.

ಅಲ್ಲಿಗೆ ಹತ್ತಿರದಲ್ಲೇ 'ಆರ್ ದಾಲಮ್' ಎಂಬ ಗುಹೆ ಇದೆ. ಕತ್ತಲ ಗುಹೆ ಎಂದು ಅರ್ಥ ಹೇಳುತ್ತಾರೆ. ಅದರ ಮಣ್ಣಿನಲ್ಲಿ ಗಿಡ್ಡ ಆನೆಗಳ, ಗಿಡ್ಡ ನೀರ್ಗುದುರೆಗಳ ಮೂಳೆಗಳು ಸಿಕ್ಕಿವೆ. ದ್ವೀಪದಲ್ಲಿ ಮೇವು ಕಡಿಮೆ. ಸಾವಿರಾರು ವರ್ಷಗಳಲ್ಲಿ, ತಲೆಮಾರಿನಿಂದ ತಲೆಮಾರಿಗೆ, ಆನೆಯ ಮೈಯೂ ಕುಗ್ಗುತ್ತ ಹೋಯಿತು. "ಒಂದನ್ನಾದರೂ ಮನೇಲಿ ಸಾಕಬಹುದಿತ್ತು" ಎಂದು ಪುಟ್ಟಿಗೆ ಬೇಸರ.

ಆಮೇಲೆ ಸಿಕ್ಕ ಹೆಸರು ನೋಡಿ ನನಗೇ ಬೆರಗಾಯಿತು. ಹಾಲ್ ತಾರ್ಶೀನ್, ಹಾಲ್ ಓರ್ಮಿ. ಏನಿದು 'ಹಾಲ್' ಎಂದರೆ, ಹಳ್ಳಿ! 'ರಹಾಲ್' ಎಂಬ ಪದ ಸವೆದು ಹಾಲ್ ಆಗಿದೆಯಂತೆ. ನಮ್ಮ ಹಳ್ಳಿಗೂ ಅದಕ್ಕೂ ಯಾವ ನಂಟೂ ಇಲ್ಲ, ಕಾಕತಾಳೀಯ. ಆದರೂ ಪುಟ್ಟಿ ಕುಣಿದಾಡಿದಳು. "ಅಜ್ಜಿ, ನಮ್ಮಲ್ಲಿ ಹಳ್ಳಿ ಬಾಲದಲ್ಲಿರತ್ತೆ, ಇಲ್ಲಿ ತಲೇಲಿದೆ!"

ನಾಲ್ಕನೆಯ ದಿನ ಹಡಗು ಹತ್ತಿ ಗೋಜೋ ದ್ವೀಪಕ್ಕೆ ಹೋದೆವು. 25 ನಿಮಿಷದ ದಾರಿ. ಅಲ್ಲಿನ ಮುಖ್ಯ ಪಟ್ಟಣಕ್ಕೆ 1887ರಲ್ಲಿ, ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು ಐವತ್ತು ವರ್ಷವಾದಾಗ, ಬ್ರಿಟಿಷರು 'ವಿಕ್ಟೋರಿಯಾ' ಎಂದು ಹೆಸರಿಟ್ಟರು. ಇಂದಿಗೂ ಊರಿನವರು ಕರೆಯುವುದು 'ರಬಾತ್' ಎಂದೇ. ಕೋಟೆಯ ಹೊರಗಿನ ಪೇಟೆ ಎಂದು ಅರ್ಥ.

ಗೋಜೋದಲ್ಲಿ 'ಜಿಗಾಂತೀಯಾ' ಎಂಬ ಕಲ್ಲಿನ ಗುಡಿಗಳಿವೆ. ವಯಸ್ಸು ಐದು ಸಾವಿರದ ಐನೂರು ವರ್ಷಕ್ಕೂ ಹೆಚ್ಚು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಹುರುಳಿಕಾಳಿನ ಜಾತಿಯ ದಪ್ಪ ಅವರೆ, ಜೇನು ಇವೆರಡನ್ನೇ ತಿಂದು ಬದುಕಿದ್ದ ದೈತ್ಯ ಹೆಂಗಸೊಬ್ಬಳು, ಕೂಸನ್ನು ಎತ್ತಿಕೊಂಡೇ ಈ ಬಂಡೆಗಳನ್ನು ಹೊತ್ತು ತಂದು ಕಟ್ಟಿದಳು ಎಂದು ಅಲ್ಲಿನ ಕಥೆ. ಸೊಂಟದಲ್ಲಿ ಮಗು ಇಟ್ಟುಕೊಂಡು ನೀರು ಸೇದಿದ ನನ್ನಂಥವರಿಗೆ ಆ ಕಥೆ ಸುಲಭವಾಗಿ ನಂಬುವ ಹಾಗಿತ್ತು.

ಸಂಜೆ 'ರಮ್ಲಾ ಲ್ ಹಮ್ರಾ' ಎಂಬ ಕಡಲ ತೀರ. ರಮ್ಲಾ ಎಂದರೆ ಮರಳು, ಹಮ್ರಾ ಎಂದರೆ ಕೆಂಪು. ನಿಜಕ್ಕೂ ಕೆಂಪು ಹೊಯ್ಯುವ ಚಿನ್ನದ ಬಣ್ಣದ ಮರಳು. ಸೀರೆ ಮೊಣಕಾಲಿಗೆ ಎತ್ತಿಕೊಂಡು ನಾನೂ ನೀರಿಗೆ ಇಳಿದೆ. ಅಷ್ಟು ತಿಳಿನೀರು, ಕಾಲಿನ ಕಾಲುಂಗುರ ಕಾಣುತ್ತಿತ್ತು.

ನಾವು ತಂಗಿದ್ದ ಮನೆಯ ಯಜಮಾನಿ ನನ್ನದೇ ವಯಸ್ಸಿನವರು. ಅಂಗಳದಲ್ಲಿ ಅವರು ಮೊಮ್ಮಗನನ್ನು ಮಾಲ್ಟೀಸ್‌ನಲ್ಲಿ ಗದರುತ್ತಿದ್ದರು, ಅವನು ಅದರಲ್ಲೇ ಎದುರು ಹೇಳುತ್ತಿದ್ದ. ಅವರಿಗೆ ಇಟಾಲಿಯನ್ ಚೆನ್ನಾಗಿ ಬರುತ್ತಿತ್ತು. ಹೀಗಾಗಿ ಇಬ್ಬರು ಅಜ್ಜಿಯರ ನಡುವೆ ಪುಟ್ಟಿಯೇ ದುಭಾಷಿ. ಅವರ ತಾತನ ಕಾಲದಲ್ಲಿ ಕೋರ್ಟು ಕಚೇರಿಗೆಲ್ಲ ಇಟಾಲಿಯನ್, ಮಾಲ್ಟೀಸ್ ಅಡುಗೆಮನೆಯ ಮಾತು ಎಂದು ಓದಿದವರು ಮೂಗು ಮುರಿಯುತ್ತಿದ್ದರಂತೆ. ಆದರೆ ಆ ಅಡುಗೆಮನೆಯ ಮಾತಿಗೆ ಮಿಕಿಯೆಲ್ ಆಂಟನ್ ವಸ್ಸಲ್ಲಿ ಎಂಬಾತ 1796ರಷ್ಟು ಹಿಂದೆಯೇ ನಿಘಂಟು ಬರೆದಿದ್ದ. 1934ರಲ್ಲಿ ಅದು ಅಧಿಕೃತ ಭಾಷೆಯಾಯಿತು. 2004ರಲ್ಲಿ ಮಾಲ್ಟಾ ಯುರೋಪಿಯನ್ ಒಕ್ಕೂಟ ಸೇರಿದಾಗ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದಾಯಿತು.

"ನಿಮ್ಮ ಭಾಷೆ ಆಡುವವರು ಎಷ್ಟು ಜನ?" ಎಂದು ಆ ಅಜ್ಜಿ ಕೇಳಿದರು. ಪುಟ್ಟಿ ಅಪ್ಪನ ಮುಖ ನೋಡಿದಳು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಎಂದ ಮಗ. ಅದನ್ನು ಇಟಾಲಿಯನ್‌ಗೆ ತಿರುಗಿಸುವಾಗ ಪುಟ್ಟಿ ಎರಡು ಸಲ ತಡವರಿಸಿದಳು. ಆ ಅಜ್ಜಿ ಬೆರಗಿನಿಂದ ಕೈಯೆತ್ತಿ ನಕ್ಕರು. "ನಮ್ಮ ಇಡೀ ದೇಶದಲ್ಲಿ ಐದು ಲಕ್ಷದ ಮೇಲೆ ಸ್ವಲ್ಪ ಜನ. ನಿಮ್ಮದು ದೊಡ್ಡ ಸಮುದ್ರ, ನಮ್ಮದು ಒಂದು ಕೊಡ ನೀರು. ಆದರೆ ಮನೆಯವರೆಲ್ಲ ಕುಡಿಯುವುದು ಇದನ್ನೇ" ಎಂದರು. ಪುಟ್ಟಿ ತರ್ಜುಮೆ ಮಾಡಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಹೊರಡುವ ಮುನ್ನಾದಿನ ಗೋಜೋದ ಪಶ್ಚಿಮದ ಅಂಚಿಗೆ ಹೋದೆವು. ಅಲ್ಲಿ ಕಡಲಿನ ಮೇಲೆ ಕಮಾನಿನಂತೆ ಬಾಗಿದ ಭಾರಿ ಬಂಡೆಯೊಂದಿತ್ತು. ಹೆಸರು 'ತಿಆ ಝೆರ್‌ಆ', ನೀಲಿ ಕಿಟಕಿ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ನೀರು ಸೇರಿತು. ಈಗ ಅಲ್ಲಿ ಬರೀ ಆಕಾಶ. ಆದರೂ ಜನ ಬರುತ್ತಾರೆ, ಕೈ ತೋರಿಸಿ ಅದೇ ಹೆಸರು ಹೇಳುತ್ತಾರೆ.

"ಅಜ್ಜಿ, ನಮ್ಮೂರಿನ ಹೆಸರಿಗೆ ಅರ್ಥ ಇದೆಯಾ?" ಅಲ್ಲೇ ಬಂಡೆಯ ಮೇಲೆ ಕೂತು ಪುಟ್ಟಿ ಕೇಳಿದಳು.

"ಇಲ್ಲದೆ ಏನು? ಅರಸಿ ಅಂದರೆ ರಾಣಿ. ಅರಸಿಯ ಕೆರೆ, ಅರಸೀಕೆರೆ."

"ಬರೆದು ತೋರ್ಸು" ಎಂದು ಪುಸ್ತಕ ಮುಂದೆ ಹಿಡಿದಳು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಬರೆದೆ. ಅವಳು ಅದರ ಕೆಳಗೆ ಚಿತ್ರ ಬಿಡಿಸುವ ಹಾಗೆ ನಿಧಾನವಾಗಿ ತಿದ್ದಿದಳು. 'ರ' ಚೆನ್ನಾಗಿ ದುಂಡಗೆ ಬಂತು. 'ಕೆ' ಮೂರು ಸಲವೂ ಉರುಳಿಬಿತ್ತು.

ನಾನು ಊರಿಗೆ ಬಂದು ಎಂಟು ತಿಂಗಳಾಯಿತು. ಭಾನುವಾರದ ಫೋನಿನಲ್ಲಿ ಅವಳಿಗೆ ಒಂದು ಊರಿನ ಹೆಸರು ಬೇಕು, ಅಕ್ಷರ ಸಮೇತ. ಹಳೇಬೀಡು ಆಯಿತು, ನೆಲಮಂಗಲ ಆಯಿತು. ಕಳೆದ ವಾರ ಹೊಸದುರ್ಗ. ಅರ್ಥ ತಾನೇ ಬಿಡಿಸಿದಳು, ಹೊಸ ಕೋಟೆ ಎಂದು. ಆಮೇಲೆ ಒಂದು ಪ್ರಶ್ನೆ: "ಅಜ್ಜಿ, ಆ ಕೋಟೆ ಈಗ ಹಳೇದಾಗಿರತ್ತಲ್ವಾ? ಹೆಸರು ಯಾಕೆ ಇನ್ನೂ ಹೊಸದು?"

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಊರಿನ ಹೆಸರಿನ ಅರ್ಥವನ್ನು ಇವತ್ತೇ ಅಜ್ಜಿಯನ್ನೋ ತಾತನನ್ನೋ ಕೇಳಿ ನೋಡಿ. ಉತ್ತರ ಹೇಳಲು ಅವರಿಗೆ ಒಂದು ಸಂಜೆಯೇ ಬೇಕಾಗಬಹುದು. ಕೂತು ಕೇಳಿ.